ಎರಡು ತೆಳು ಕೋಟ್

ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷದ ಅಪ್ರೈಸಲ್ ಮೀಟಿಂಗ್ ಹನ್ನೊಂದೇ ನಿಮಿಷದಲ್ಲಿ ಮುಗಿದುಹೋಯ್ತು. "ನಿಮ್ಮ ಕೆಲಸದಲ್ಲಿ ತಪ್ಪೇನಿಲ್ಲ. ಆದ್ರೆ ಬೆಲ್ ಕರ್ವ್ ಇದೆಯಲ್ಲ, ಟೀಮಲ್ಲಿ ಯಾರಾದ್ರೂ ಒಬ್ರು ಕೆಳಗೆ ಬರ್ಲೇಬೇಕು" ಅಂದರು ಮ್ಯಾನೇಜರ್. "ಮುಂದಿನ ವರ್ಷಕ್ಕೆ ಏನು ಸರಿ ಮಾಡ್ಕೊಳ್ಳಲಿ ಸರ್?" ಅಂತ ಕೇಳಿದೆ. ಅವರು ಲ್ಯಾಪ್‌ಟಾಪ್ ನೋಡಿದರು, ನನ್ನ ಮುಖ ನೋಡಿದರು. "ಸ್ವಲ್ಪ ವಿಸಿಬಿಲಿಟಿ ಜಾಸ್ತಿ ಮಾಡ್ಕೊಳ್ಳಿ" ಅಂದರು.

ಅದೇ ತಿಂಗಳು ಗೆಳೆಯನೊಬ್ಬ ನನ್ನನ್ನು ಬೆಂಗಳೂರಿನ ಒಂದು ಬೋರ್ಡ್ ಗೇಮ್ ಕೆಫೆಗೆ ಎಳೆದುಕೊಂಡು ಹೋದ. ಅಲ್ಲಿ ಮೇಜಿನ ತುಂಬ ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಸೈನಿಕರು, ರಾಕ್ಷಸರು, ಮಂತ್ರವಾದಿಗಳು. ಆಟಕ್ಕಿಂತ ನನಗೆ ಹಿಡಿಸಿದ್ದು ಅವುಗಳ ಬಣ್ಣ. ಡಬ್ಬಿಯಿಂದ ಬರುವಾಗ ಅವು ಬರೀ ಬೂದು ಪ್ಲಾಸ್ಟಿಕ್, ಬಣ್ಣ ನಾವೇ ಹಚ್ಚಬೇಕು ಅಂತ ಗೊತ್ತಾದ ಮೇಲೆ ಕೊಡಲಿ ಹಿಡಿದ ಒಬ್ಬ ಕುಳ್ಳನನ್ನು ಮನೆಗೆ ತಂದೆ. ಎರಡು ರಾತ್ರಿ ಕೂತು ಬಣ್ಣ ಹಚ್ಚಿದೆ. ಮುಗಿದಾಗ ಅವನು ದೋಸೆ ಹಿಟ್ಟಿನಲ್ಲಿ ಅದ್ದಿ ತೆಗೆದವನ ಹಾಗೆ ಕಾಣುತ್ತಿದ್ದ.

ಆದರೂ ಧೈರ್ಯ ಮಾಡಿ ಕೆಫೆಗೆ ತೆಗೆದುಕೊಂಡು ಹೋದೆ. ಅಲ್ಲಿಗೆ ಪ್ರತಿ ವಾರ ಬರುವ ಒಬ್ಬರು ಅವನನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ಬಣ್ಣ ದಪ್ಪ ಆಗಿದೆ, ನೀರು ಸೇರಿಸಿ ತೆಳ್ಳಗೆ ಎರಡು ಸಲ ಹಚ್ಚಿ. ಇಲ್ನೋಡಿ, ತೋಳಿನ ಹತ್ರ ಅಚ್ಚಿನ ಗೆರೆ ಉಳಿದಿದೆ, ಮೊದಲೇ ಬ್ಲೇಡಿನಿಂದ ಕೆರೆದುಬಿಡಿ. ಗಡ್ಡ ಮಾತ್ರ ಚೆನ್ನಾಗಿ ಬಂದಿದೆ. ಅಲ್ಲಿ ಏನು ಮಾಡಿದ್ರೋ ಅದನ್ನೇ ಬಟ್ಟೆಗೂ ಮಾಡಿ."

ಎರಡು ನಿಮಿಷ. ಮೂರು ಮಾತು. ಮೂರೂ ಗೊಂಬೆಯ ಬಗ್ಗೆ, ನನ್ನ ಬಗ್ಗೆ ಒಂದೂ ಇಲ್ಲ. ಹನ್ನೊಂದು ನಿಮಿಷದ ಮೀಟಿಂಗಿನಲ್ಲಿ ಸಿಗದೇ ಇದ್ದದ್ದು ಎರಡು ನಿಮಿಷದಲ್ಲಿ ಸಿಕ್ಕಿತ್ತು. ಈ ರೀತಿ ಮಾತಾಡೋದನ್ನ ಈ ಜನ ಎಲ್ಲಿ ಕಲಿತರು ಅಂತ ಹುಡುಕುತ್ತಾ ಹೋದೆ. ಆ ಹುಡುಕಾಟವೇ ಈ ಬರಹ.

ಕಥೆ ಶುರುವಾಗೋದು ಲಂಡನ್ನಿನಲ್ಲಿ. 1893ರವರೆಗೆ ಅಲ್ಲಿನ ಅಂಗಡಿಗಳಲ್ಲಿ ಒಳ್ಳೆಯ ಸೀಸದ ಸೈನಿಕ ಬೇಕು ಅಂದರೆ ಹೆಚ್ಚಾಗಿ ಜರ್ಮನಿಯ ಮಾಲನ್ನೇ ಕೊಳ್ಳಬೇಕಿತ್ತು. ಆ ವರ್ಷ ವಿಲಿಯಂ ಬ್ರಿಟನ್ ಎಂಬಾತ ಒಂದು ಉಪಾಯ ಮಾಡಿದ. ಕರಗಿದ ಸೀಸವನ್ನು ಅಚ್ಚಿಗೆ ಸುರಿದು, ಅಂಚಿನಲ್ಲಿ ಗಟ್ಟಿಯಾದ ಕೂಡಲೇ ಒಳಗಿನದನ್ನು ವಾಪಸ್ ಸುರಿದುಬಿಡೋದು. ಗೊಂಬೆ ಒಳಗೆ ಟೊಳ್ಳು. ಲೋಹ ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ. ಸುಮಾರು 54 ಮಿ.ಮೀ. ಎತ್ತರದ ಈ ಸೈನಿಕರು ಕೆಂಪು ಡಬ್ಬಿಗಳಲ್ಲಿ ಇಂಗ್ಲೆಂಡಿನ ಮನೆಮನೆ ಸೇರಿದರು. ಅವರಲ್ಲಿ ಪೇಟ ಸುತ್ತಿದ ಬಂಗಾಳದ, ಮದ್ರಾಸಿನ ಕುದುರೆ ಸವಾರರೂ ಇದ್ದರು. ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಪುಸ್ತಕ ಬರೆದು, ಇಂಥ ಸೈನಿಕರನ್ನು ನೆಲದ ಮೇಲೆ ನಿಲ್ಲಿಸಿ ದೊಡ್ಡವರೂ ಯುದ್ಧದ ಆಟ ಆಡುವುದಕ್ಕೆ ನಿಯಮ ಕೊಟ್ಟ.

ಆದರೆ ಬಣ್ಣ ಹಚ್ಚುತ್ತಿದ್ದವರು ಯಾರು? ಕೊಂಡವರಂತೂ ಅಲ್ಲ. ಸೈನಿಕರು ಬಣ್ಣ ಹಚ್ಚಿಸಿಕೊಂಡೇ ಅಂಗಡಿಗೆ ಬರುತ್ತಿದ್ದರು. ಹಚ್ಚುತ್ತಿದ್ದವರಲ್ಲಿ ಬಹುಪಾಲು ಹೆಂಗಸರು. ಕೆಲವರು ಕಾರ್ಖಾನೆಯಲ್ಲಿ, ಇನ್ನು ಕೆಲವರು ಮನೆಯಲ್ಲೇ ಕೂತು, ಎಣಿಕೆಯ ಲೆಕ್ಕದಲ್ಲಿ ಕೂಲಿಗೆ ಹಚ್ಚುತ್ತಿದ್ದರು, ನಮ್ಮ ಕಡೆ ಮನೆಯಲ್ಲಿ ಬೀಡಿ ಕಟ್ಟುವವರ ಹಾಗೆ. ಕೆಂಪು ಕೋಟು, ಕಪ್ಪು ಬೂಟು, ಕೆನ್ನೆಗೆ ಒಂದು ಗುಲಾಬಿ ಚುಕ್ಕೆ, ಮುಂದಿನದು. ಎಣಿಕೆಯ ಕೂಲಿಯಲ್ಲಿ ವೇಗವೇ ವಿದ್ಯೆ. ನಿನ್ನೆಗಿಂತ ಇವತ್ತಿನ ಮುಖ ಜೀವಂತವಾಗಿ ಬಂತು ಅಂತ ಹೇಳೋದಕ್ಕೆ ಅಲ್ಲಿ ಯಾರಿಗೂ ಕಾರಣ ಇರಲಿಲ್ಲ.

ಬ್ರಿಟನ್ಸ್ ಕಂಪನಿ 1966ರಲ್ಲಿ ಟೊಳ್ಳು ಸೀಸದ ಸೈನಿಕರನ್ನು ಮಾಡುವುದು ನಿಲ್ಲಿಸಿತು. ಮಕ್ಕಳ ಆಟಿಕೆಗೆ ಸೀಸ ಬೇಡ ಅನ್ನುವ ಕಾಲ ಬಂದಿತ್ತು, ಪ್ಲಾಸ್ಟಿಕ್ ಅಗ್ಗವಾಗಿತ್ತು. ಅಷ್ಟರಲ್ಲಿ ಒಂದು ಹೊಸ ಜಾತಿಯ ಜನ ಹುಟ್ಟಿಕೊಂಡಿದ್ದರು. ಬಣ್ಣವಿಲ್ಲದ ಗೊಂಬೆಯನ್ನೇ ಕೊಂಡು, ಇತಿಹಾಸದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಸಮವಸ್ತ್ರದ ಗುಂಡಿಯ ಬಣ್ಣ ಸರಿಯಿದೆಯಾ ಅಂತ ತಲೆಕೆಡಿಸಿಕೊಳ್ಳುವ ದೊಡ್ಡವರು. ಲಂಡನ್ನಿನಲ್ಲಿ ಇಂಥವರ ಸಂಘ 1935ರಲ್ಲೇ ಶುರುವಾಗಿತ್ತು. ಅಮೆರಿಕದ ಶಿಕಾಗೋದಲ್ಲೂ ಒಂದು ಹಳೆಯ ಸಂಘವಿತ್ತು. ನಮ್ಮ ಕಥೆಯ ಮುಖ್ಯ ಪಾತ್ರ ಬರೋದು ಅಲ್ಲಿಂದ. ಹೆಸರು ಶೆಪರ್ಡ್ ಪೇನ್.

ಪೇನ್ ಬಗ್ಗೆ ಹೇಳುವ ಮುಂಚೆ ಈ ಕೆಲಸದಲ್ಲಿರುವ ಕಷ್ಟ ಏನು ಅಂತ ಹೇಳಿಬಿಡುತ್ತೇನೆ. ಮನುಷ್ಯನನ್ನು 54 ಮಿ.ಮೀ.ಗೆ ಇಳಿಸಿದರೆ ಅವನು ಮೂವತ್ತೆರಡರಲ್ಲಿ ಒಂದು ಪಾಲು ಆಗುತ್ತಾನೆ. ಆದರೆ ಬೆಳಕು ಮಾತ್ರ ಸಣ್ಣದಾಗಲ್ಲ. ನಿಜವಾದ ಅಂಗಿಯ ಮಡಿಕೆಯಲ್ಲಿ ಬೀಳುವಷ್ಟು ನೆರಳು ಗೊಂಬೆಯ ಕೂದಲೆಳೆ ಮಡಿಕೆಯಲ್ಲಿ ಬೀಳಲ್ಲ. ಒಂದೇ ನೀಲಿ ಹಚ್ಚಿದರೆ ಅದು ಬಟ್ಟೆಯಂತೆ ಕಾಣಲ್ಲ, ನೀಲಿ ಪ್ಲಾಸ್ಟಿಕ್‌ನಂತೆ ಕಾಣುತ್ತೆ. ಹಾಗಾಗಿ ಮಡಿಕೆಯ ಒಳಗೆ ಕಪ್ಪು ಬೆರೆತ ನೀಲಿ, ಏರಿನ ಮೇಲೆ ಬಿಳುಪು ಬೆರೆತ ನೀಲಿ ಹಚ್ಚಿ, ಬೆಳಕನ್ನೇ ಬಣ್ಣದಲ್ಲಿ ಬರೀಬೇಕು. ನೀರಿನಂಥ ಗಾಢ ಬಣ್ಣ ಹರಿಯಬಿಟ್ಟರೆ ಅದು ತಗ್ಗುಗಳಲ್ಲಿ ನಿಂತು ನೆರಳಾಗುತ್ತೆ, ಇದು ವಾಶ್. ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಏರುಗಳ ಮೇಲೆ ಸವರಿದರೆ ಬೆಳಕಾಗುತ್ತೆ, ಇದು ಡ್ರೈ ಬ್ರಷ್. ಕೇಳೋದಕ್ಕೆ ಸುಲಭ. ಆದರೆ ಮಾಡಿದವನಿಗೆ ತನ್ನ ತಪ್ಪು ಕಾಣೋದೇ ಇಲ್ಲ. ನಾಲ್ಕು ಗಂಟೆ ಒಂದೇ ಮೂಗನ್ನು ನೋಡಿದ ಕಣ್ಣಿಗೆ ಅದು ಮೂಗಿನಂತೆಯೇ ಕಾಣುತ್ತೆ. ಕೋಡ್ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಜೊತೆ ಕಣ್ಣು ಬೇಕೇ ಬೇಕು.

ಆ ಇನ್ನೊಂದು ಜೊತೆ ಕಣ್ಣು ಸಿಗುತ್ತಿದ್ದ ಮುಖ್ಯ ಜಾಗ ಸ್ಪರ್ಧೆ. ಮಾಡೆಲ್ ಕಟ್ಟುವವರ ಸಂಘಗಳಲ್ಲಿ ಚಾಲ್ತಿಯಲ್ಲಿದ್ದದ್ದು ಒಂದು, ಎರಡು, ಮೂರು ಅನ್ನುವ ಪದ್ಧತಿ. ಮೇಜಿನ ಮೇಲೆ ಇಪ್ಪತ್ತು ಗೊಂಬೆ ಇದ್ದರೆ ಮೂರಕ್ಕೆ ಬಹುಮಾನ, ಹದಿನೇಳು ಜನ ಕೈಬೀಸಿಕೊಂಡು ಮನೆಗೆ. ನಾಲ್ಕನೆಯವನ ಗೊಂಬೆ ಬೇರೆ ಊರಿನಲ್ಲಾಗಿದ್ದರೆ ಮೊದಲನೆಯದಾಗುತ್ತಿತ್ತೋ ಏನೋ. ಪಕ್ಕದವನು ಯಾರು ಅನ್ನೋದರ ಮೇಲೆ ನಿನ್ನ ಬೆಲೆ. ನನ್ನ ಮ್ಯಾನೇಜರ್ ಹೇಳಿದ್ದೂ ಇದೇ ಅಲ್ವಾ?

ಶಿಕಾಗೋದ ಸಂಘದಲ್ಲಿ ಪೇನ್ ಮತ್ತು ಜೊತೆಗಾರರು ಬೆಳೆಸಿದ್ದು ಬೇರೆ ಪದ್ಧತಿ. ಅದಕ್ಕೆ ಓಪನ್ ಸಿಸ್ಟಮ್ ಅಂತ ಹೆಸರು. ಅಲ್ಲಿ ಯಾವ ಗೊಂಬೆಯನ್ನೂ ಪಕ್ಕದ ಗೊಂಬೆಯ ಜೊತೆ ಹೋಲಿಸುವ ಹಾಗಿಲ್ಲ. ಚಿನ್ನದ ಮಟ್ಟ, ಬೆಳ್ಳಿಯ ಮಟ್ಟ, ಕಂಚಿನ ಮಟ್ಟ ಅಂತ ಅಳತೆಗೋಲು ಇದೆ. ತೀರ್ಪುಗಾರರು ಪ್ರತಿಯೊಂದನ್ನೂ ಆ ಅಳತೆಗೋಲಿಗೆ ಹಿಡಿದು ನೋಡ್ತಾರೆ. ಹತ್ತು ಜನ ಆ ಮಟ್ಟ ಮುಟ್ಟಿದರೆ ಹತ್ತೂ ಜನಕ್ಕೆ ಚಿನ್ನ. ಯಾರೂ ಮುಟ್ಟದಿದ್ದರೆ ಯಾರಿಗೂ ಇಲ್ಲ.

ಮೇಲ್ನೋಟಕ್ಕೆ ಇದು ಎಲ್ಲರನ್ನೂ ಖುಷಿಪಡಿಸುವ ಸಡಿಲ ಪದ್ಧತಿ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಇದರ ಒಳಗಿನ ಲೆಕ್ಕ ಹೊಳೆಯಿತು. ಒಂದು-ಎರಡು-ಮೂರರಲ್ಲಿ ನಾನು ಪಕ್ಕದವನಿಗೆ ನನ್ನ ಗುಟ್ಟು ಹೇಳಿಕೊಟ್ಟರೆ ನನ್ನ ಬಹುಮಾನ ಅವನಿಗೆ ಹೋಗುತ್ತೆ. ಓಪನ್ ಸಿಸ್ಟಮ್‌ನಲ್ಲಿ ಹೇಳಿಕೊಟ್ಟರೆ ನನಗೆ ಕಳೆದುಕೊಳ್ಳೋದು ಏನೂ ಇಲ್ಲ, ಅವನಿಗೂ ಚಿನ್ನ, ನನಗೂ ಚಿನ್ನ. ಅಷ್ಟೇ ಅಲ್ಲ, ಬೆಳ್ಳಿ ಸಿಕ್ಕವನು ಹೋಗಿ "ಚಿನ್ನಕ್ಕೆ ಏನು ಕಮ್ಮಿಯಾಯ್ತು?" ಅಂತ ಕೇಳಿದರೆ ತೀರ್ಪುಗಾರ "ಪಕ್ಕದವನು ನಿನಗಿಂತ ಚೆನ್ನಾಗಿದ್ದ" ಅಂತ ಜಾರಿಕೊಳ್ಳುವ ಹಾಗಿಲ್ಲ. ಗೊಂಬೆಯನ್ನೇ ತೋರಿಸಿ ಹೇಳಬೇಕು.

ಪೇನ್ ಈ ಮಾತನ್ನು ತಾನೂ ಬದುಕಿದ. 1970ರ ದಶಕದಲ್ಲಿ ಮಾನೋಗ್ರಾಮ್ ಎಂಬ ಅಮೆರಿಕನ್ ಕಂಪನಿಯ ಟ್ಯಾಂಕು, ವಿಮಾನದ ಕಿಟ್‌ಗಳ ಡಬ್ಬಿಯಲ್ಲಿ ಒಂದು ಪುಟ್ಟ ಕರಪತ್ರ ಬರುತ್ತಿತ್ತು. ಪೇನ್ ಮಾಡಿದ ಯುದ್ಧದೃಶ್ಯದ ಚಿತ್ರ, ಅದನ್ನು ಹೇಗೆ ಮಾಡಿದೆ ಅನ್ನುವ ವಿವರ. ಹತ್ತು ವರ್ಷದ ಹುಡುಗ ಆಟಿಕೆ ಬಿಚ್ಚಿದರೆ ಒಳಗೆ ಆ ಕಾಲದ ದೊಡ್ಡ ಕಲಾವಿದನೊಬ್ಬನ ಗುಟ್ಟುಗಳು! 1980ರಲ್ಲಿ ಅವನು ಅದನ್ನೆಲ್ಲ ಪುಸ್ತಕವಾಗಿಯೂ ಬರೆದ. ಅವನು ತೀರಿಕೊಂಡದ್ದು 2015ರಲ್ಲಿ.

ಇಂಗ್ಲೆಂಡಿನಲ್ಲಿ ಕಥೆ ಇನ್ನೊಂದು ದಾರಿ ಹಿಡಿಯಿತು. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಬಂತು. ಮರುವರ್ಷ ಲಂಡನ್ನಿನಲ್ಲಿ ಮೂವರು ಗೆಳೆಯರು ಗೇಮ್ಸ್ ವರ್ಕ್‌ಶಾಪ್ ಶುರುಮಾಡಿದರು. ಸೈನಿಕರ ಜಾಗಕ್ಕೆ ರಾಕ್ಷಸರು ಬಂದರು, 1983ರಲ್ಲಿ 'ವಾರ್‌ಹ್ಯಾಮರ್' ಆಟ ಬಂತು. ಗೊಂಬೆ ಇನ್ನೂ ಕುಗ್ಗಿ 28 ಮಿ.ಮೀ. ಆಸುಪಾಸಿಗೆ ಇಳಿಯಿತು. ಅದೇ ದಶಕದಲ್ಲಿ ಬಣ್ಣವೂ ಬದಲಾಯಿತು. ಮೊದಲು ಬಳಸುತ್ತಿದ್ದ ಎನಾಮೆಲ್ ಬಣ್ಣಕ್ಕೆ ತಿನ್ನರ್ ಬೇಕು, ಚೆನ್ನಾಗಿ ಒಣಗೋಕೆ ಒಂದು ರಾತ್ರಿ ಬೇಕು. ಅಕ್ರಿಲಿಕ್‌ಗೆ ನೀರು ಸಾಕು, ಕೆಲವೇ ನಿಮಿಷದಲ್ಲಿ ಒಣಗುತ್ತೆ. ತಪ್ಪು ಮಾಡಿದ ಸಂಜೆಯೇ ತಿದ್ದಬಹುದು. ಇಡೀ ರಾತ್ರಿ ಓಡುತ್ತಿದ್ದ ಬಿಲ್ಡ್ ಐದು ನಿಮಿಷಕ್ಕೆ ಇಳಿದರೆ ಟೀಮಿಗೆ ಏನಾಗುತ್ತೋ, ಇಲ್ಲೂ ಅದೇ ಆಯ್ತು.

1987ರಲ್ಲಿ ಗೇಮ್ಸ್ ವರ್ಕ್‌ಶಾಪ್ 'ಗೋಲ್ಡನ್ ಡೀಮನ್' ಎಂಬ ಸ್ಪರ್ಧೆ ಶುರುಮಾಡಿತು. ಎಲ್ಲರಿಗಿಂತ ಮೇಲಾದವರಿಗೆ 'ಸ್ಲೇಯರ್ ಸೋರ್ಡ್' ಅನ್ನುವ ಖಡ್ಗ. ಇದು ಶಿಕಾಗೋದ ಪದ್ಧತಿಗೆ ಪೂರ್ತಿ ಉಲ್ಟಾ: ಗೆಲ್ಲುವವರು ಕೆಲವರೇ, ಖಡ್ಗ ಒಂದೇ. ಹಾಗಾದರೆ ಅಲ್ಲಿ ಯಾರೂ ಕಲಿಯಲಿಲ್ವಾ? ಚೆನ್ನಾಗಿಯೇ ಕಲಿತರು. ಜಗತ್ತಿನ ಅತ್ಯುತ್ತಮ ಗೊಂಬೆ ಚಿತ್ರಗಾರರು ಆ ಖಡ್ಗದ ಆಸೆಗೆ ಬೆಳೆದಿದ್ದಾರೆ. ನನ್ನ ವಾದಕ್ಕೆ ಇದು ಗಂಟಲ ಮುಳ್ಳು, ಮುಚ್ಚಿಡಲ್ಲ.

ಆದರೆ ಖಡ್ಗದ ಜೊತೆಗೆ ಇನ್ನೊಂದು ಇತ್ತು. ಅದೇ ಕಂಪನಿಯ 'ವೈಟ್ ಡ್ವಾರ್ಫ್' ಪತ್ರಿಕೆಯಲ್ಲಿ 'ಎವಿ ಮೆಟಲ್' ಎಂಬ ಪುಟಗಳು ಬರುತ್ತಿದ್ದವು. ಕಂಪನಿಯ ಸ್ವಂತ ಚಿತ್ರಗಾರರ ತಂಡಕ್ಕೂ ಅದೇ ಹೆಸರು. ಮುಖಕ್ಕೆ ಮೊದಲು ಯಾವ ಬಣ್ಣ, ಆಮೇಲೆ ಯಾವ ವಾಶ್, ಕೊನೆಗೆ ಎಲ್ಲಿ ಬೆಳಕು ಅಂತ ತಿಳಿಸುತ್ತಿದ್ದರು. ಬಣ್ಣ ಮಾರುವ ವ್ಯಾಪಾರವೂ ಅದರಲ್ಲಿತ್ತು, ಇರಲಿ. ಖಡ್ಗ ಆಸೆ ಹುಟ್ಟಿಸಿತು, ಪುಟಗಳು ದಾರಿ ತೋರಿಸಿದವು. ಬರೀ ಖಡ್ಗ ಯಾರಿಗೂ ಬ್ರಷ್ ಹಿಡಿಯೋದನ್ನ ಕಲಿಸಲ್ಲ.

2010ರ ದಶಕದಲ್ಲಿ ಆ ದಾರಿ ತೋರಿಸುವ ಕೆಲಸ ವೀಡಿಯೋಗೆ ಬಂತು. ಡಂಕನ್ ರೋಡ್ಸ್ ಎಂಬ ಸಮಾಧಾನದ ದನಿಯ ಮನುಷ್ಯ ಪ್ರತಿ ವೀಡಿಯೋದಲ್ಲೂ ಬಣ್ಣಕ್ಕೆ ನೀರು ಸೇರಿಸಿ, ಎರಡು ತೆಳು ಕೋಟ್ ಹಚ್ಚಿ ಅಂತ ಹೇಳುತ್ತಿದ್ದ. ಆ ಮಾತು ಜಗತ್ತಿನ ಎಲ್ಲ ಗೊಂಬೆ ಪ್ರಿಯರ ಮಂತ್ರವಾಯಿತು, ಕೊನೆಗೆ ಅವನ ಸ್ವಂತ ಬಣ್ಣದ ಸಾಲಿಗೂ ಅದೇ ಹೆಸರಾಯಿತು. ನಮ್ಮ ಕೆಫೆಯವರು ನನಗೆ ಕೊಟ್ಟದ್ದು ಅದೇ ಮಂತ್ರ.

ತಮಾಷೆ ಅಂದರೆ, ಇಂಗ್ಲೆಂಡಿನಲ್ಲಿ ಖಡ್ಗ ಕೊಡಲು ಶುರುಮಾಡಿದ ಅದೇ 1980ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಜ್ಯಾಕ್ ವೆಲ್ಚ್ ನೌಕರರನ್ನು ಮೇಲಿನ 20, ನಡುವಿನ 70, ಕೆಳಗಿನ 10 ಪರ್ಸೆಂಟ್ ಅಂತ ವಿಂಗಡಿಸುವ ಪದ್ಧತಿ ತಂದ. ಕೆಳಗಿನ 10ಕ್ಕೆ ಬಾಗಿಲು. ಅದರ ನಾನಾ ಅವತಾರಗಳು ಕಂಪನಿಯಿಂದ ಕಂಪನಿಗೆ ದಾಟಿ ನಮ್ಮ ಔಟರ್ ರಿಂಗ್ ರೋಡಿಗೂ ಬಂದವು. ಮೈಕ್ರೋಸಾಫ್ಟ್ ಇಂಥ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು. ಎಲ್ಲರೂ ಬಿಟ್ಟಿಲ್ಲ.

ಈ ವರ್ಷ ನಾನೇ ಲೀಡ್. ಏಳು ಜನರ ಹೆಸರಿರುವ ಶೀಟು ನನ್ನ ಮುಂದೆ ಬಂತು, ಒಂದು ಹೆಸರು ಕೆಳಗಿನ ಬಾಕ್ಸಿಗೆ ಹೋಗಲೇಬೇಕು. ಹೋಗಲ್ಲ ಅಂತ ವಾದ ಮಾಡಿದೆ, ಗೆಲ್ಲಲಿಲ್ಲ. ಹೆಸರು ಹಾಕಿದೆ. ಆ ರಾತ್ರಿ ನಿದ್ದೆ ಸರಿ ಬರಲಿಲ್ಲ ಅನ್ನೋದನ್ನ ಇಲ್ಲಿ ಬರೆದಿಡುತ್ತೇನೆ. ಶೀಟು ಬದಲಾಯಿಸೋದು ನನ್ನ ಕೈಲಿ ಇರಲಿಲ್ಲ. ಮೀಟಿಂಗ್ ಹೇಗಿರಬೇಕು ಅನ್ನೋದು ಇತ್ತು. ಏಳೂ ಜನರ ವರ್ಷದ ಕೋಡ್ ತೆಗೆದು, ಒಬ್ಬೊಬ್ಬರಿಗೂ ಮೂರು ಸಾಲು ಬರೆದುಕೊಂಡು ಹೋದೆ: ಇದು ಚೆನ್ನಾಗಿ ಬಂದಿದೆ, ಇದು ಯಾಕೆ ಕೆಟ್ಟಿತು, ಮುಂದಿನ ಸಲ ಇಲ್ಲಿಂದ ಶುರುಮಾಡಿ. ಕೆಳಗಿನ ಬಾಕ್ಸಿನ ಹುಡುಗ ಸುಮ್ಮನೆ ಕೇಳಿದ. ಕೊನೆಗೆ "ರೇಟಿಂಗ್ ಬೇಜಾರಾಯ್ತು ಸರ್. ಆದ್ರೆ ಎರಡನೇ ಪಾಯಿಂಟ್ ಇನ್ನೊಂದ್ಸಲ ತೋರಿಸ್ತೀರಾ?" ಅಂದ. ಕೂತು ತೋರಿಸಿದೆ.

ಊರಿಗೆ ಹೋದಾಗ ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ದೊಡ್ಡಪ್ಪ ನಮ್ಮೂರಲ್ಲಿ ನಲವತ್ತು ವರ್ಷ ಗಣಪತಿ ಮಾಡಿದವರು. ನಾನು ಚಿಕ್ಕವನಿದ್ದಾಗ ಪಕ್ಕ ಕೂತು ಇಲಿಗೆ ಬಣ್ಣ ಬಳಿಯುತ್ತಿದ್ದೆ, ಕಣ್ಣು ಬರೆಯೋಕೆ ಮಾತ್ರ ಬಿಡುತ್ತಿರಲಿಲ್ಲ. ಬ್ಯಾಗಿನಿಂದ ಹೊಸ ಕುಳ್ಳನನ್ನು ತೆಗೆದು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಜಗಲಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಬಣ್ಣ ತೆಳ್ಳಗೆ ಕುಂತೈತೆ ಕಣಪ್ಪ, ಪರ್ವಾಗಿಲ್ಲ. ಎಡಗಣ್ಣು ಒಂಚೂರು ಕೆಳಕ್ಕೆ ಬಂದೈತೆ, ನೋಡು."

ನೋಡಿದೆ. ಬಂದಿತ್ತು.