ಹಂದಿಯಿಂದ ಮನುಷ್ಯನಿಗೆ: ಒಂದು ಬಾಣದ ಗುರುತಿನ ಚರಿತ್ರೆ

ಲಾಡಿಹುಳುವಿನ ಜೀವನಚಕ್ರದ ಚಿತ್ರವನ್ನು ಶಾಲೆಯಲ್ಲಿ ಬಿಡಿಸದವರು ಕಡಿಮೆ. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಹಂದಿ, ನಡುವೆ ಬಾಣದ ಗುರುತುಗಳು. ನಾನೂ ಅದನ್ನು ಬಿಡಿಸಿ ಅಂಕ ಪಡೆದವನೇ. ಅದರಲ್ಲಿ ಹಂದಿಯಿಂದ ಮನುಷ್ಯನ ಕಡೆಗೆ ಹೋಗುವ ಬಾಣವನ್ನು ಮೊದಲು ಎಳೆದವರು ಯಾರು, ಹೇಗೆ ಎಳೆದರು ಎಂದು ಎಷ್ಟೋ ವರ್ಷಗಳ ನಂತರ ಓದತೊಡಗಿದಾಗ, ಆ ಚಿತ್ರ ನಾನು ಅಂದುಕೊಂಡಷ್ಟು ನಿರಪಾಯಕರವಲ್ಲ ಎನಿಸಿತು.

ಮನುಷ್ಯನ ಕರುಳಿನಲ್ಲಿ ಮೀಟರುಗಟ್ಟಲೆ ಉದ್ದದ ಹುಳುವಿರುತ್ತದೆ ಎಂಬುದು ಪ್ರಾಚೀನರಿಗೂ ಗೊತ್ತಿತ್ತು. ಹಂದಿಯ ಮಾಂಸದಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು ಇರುತ್ತವೆ ಎಂಬುದೂ ಗೊತ್ತಿತ್ತು; ಗ್ರೀಕರು ಅವನ್ನು ಆಲಿಕಲ್ಲಿಗೆ ಹೋಲಿಸಿದ್ದರು. ಆದರೆ ಇವೆರಡೂ ಒಂದೇ ಜೀವಿಯ ಎರಡು ಅವಸ್ಥೆಗಳೆಂದು ಯಾರಿಗೂ ಹೊಳೆದಿರಲಿಲ್ಲ. ಹುಳು ಕರುಳಿನಲ್ಲೇ ತಾನಾಗಿ ಹುಟ್ಟುತ್ತದೆ ಎಂದು ನಂಬಿದ ವಿದ್ವಾಂಸರು 19ನೇ ಶತಮಾನದಲ್ಲೂ ಇದ್ದರು. 1782ರಲ್ಲಿ ಜರ್ಮನಿಯ ಗೋಟ್ಸೆ ಗುಳ್ಳೆಯೊಳಗಿನ ತಲೆಯೂ ಲಾಡಿಹುಳುವಿನ ತಲೆಯೂ ಒಂದೇ ತರಹ ಇರುವುದನ್ನು ಗಮನಿಸಿದ. ಮುಂದೆ ಫಾನ್ ಸೀಬೋಲ್ಡ್‌ನಂಥ ಹೆಸರಾಂತ ಪ್ರಾಣಿಶಾಸ್ತ್ರಜ್ಞ, ಗುಳ್ಳೆಯೆಂದರೆ ದಾರಿ ತಪ್ಪಿ ಬೇರೆ ಪ್ರಾಣಿಯ ಮೈಸೇರಿ ನೀರು ತುಂಬಿ ಕೆಟ್ಟುಹೋದ ಹುಳು ಎಂದು ವಾದಿಸಿದ.

ಈ ವಾದವನ್ನು ಒಪ್ಪದವನು ಸ್ಯಾಕ್ಸನಿಯ ಸಿಟೌ ಎಂಬ ಊರಿನ ವೈದ್ಯ ಫ್ರೀಡ್ರಿಕ್ ಕ್ಯೂಶೆನ್‌ಮೈಸ್ಟರ್. ಗುಳ್ಳೆ ಕೆಟ್ಟ ಹುಳುವಲ್ಲ, ಇನ್ನೂ ಬೆಳೆಯದ ಹುಳು ಎಂಬುದು ಆತನ ನಿಲುವು. 1851ರಲ್ಲಿ ಮೊಲದ ಮೈಯಲ್ಲಿ ಸಿಕ್ಕ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿದ. ನಾಯಿಗಳ ಕರುಳಿನಲ್ಲಿ ಅವು ಲಾಡಿಹುಳುಗಳಾದವು. ಬೆಲ್ಜಿಯಂನ ಫಾನ್ ಬೆನೆಡೆನ್ 1853ರಲ್ಲಿ ಮನುಷ್ಯನ ಹುಳುವಿನ ಮೊಟ್ಟೆಗಳನ್ನು ಹಂದಿಗೆ ತಿನ್ನಿಸಿ, ಅದರ ಮಾಂಸದಲ್ಲಿ ಗುಳ್ಳೆಗಳನ್ನು ಕಂಡ. ಚಕ್ರದ ಅರ್ಧ ಸಿದ್ಧವಾಯಿತು. ಉಳಿದರ್ಧಕ್ಕೆ ಮನುಷ್ಯನೇ ಬೇಕಿತ್ತು.

ಕ್ಯೂಶೆನ್‌ಮೈಸ್ಟರ್ ಅಧಿಕಾರಿಗಳ ಅನುಮತಿ ಪಡೆದು, ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೊಲೆಗಾರನನ್ನು ಆರಿಸಿಕೊಂಡ. ಶಿಕ್ಷೆಗೆ ಮುಂಚಿನ ಕೆಲವು ದಿನಗಳಲ್ಲಿ ಅವನ ಶ್ಯಾವಿಗೆ ಸೂಪಿನಲ್ಲೂ ರಕ್ತದ ಸಾಸೇಜಿನಲ್ಲೂ ಹಂದಿಯ ಗುಳ್ಳೆಗಳನ್ನು ಬೆರೆಸಿ ಕೊಡಲಾಯಿತು. ಶಿಕ್ಷೆಯ ನಂತರ ಕರುಳನ್ನು ಪರೀಕ್ಷಿಸಿದಾಗ ಹತ್ತು ಎಳೆಯ ಲಾಡಿಹುಳುಗಳು ಸಿಕ್ಕವು. 1855ರಲ್ಲಿ ಇದು ಅಚ್ಚಾಯಿತು. ಆದರೆ ಅಷ್ಟು ಎಳೆಯ ಹುಳುಗಳು ಎಲ್ಲರನ್ನೂ ಒಪ್ಪಿಸಲಾರವು. ಹಾಗಾಗಿ ಮತ್ತೊಬ್ಬ ಕೈದಿಯ ಸರದಿ ಬಂತು. ಈ ಬಾರಿ ಅವಸರವಿರಲಿಲ್ಲ. 1859ರ ನವೆಂಬರಿನಲ್ಲಿ 20 ಗುಳ್ಳೆ, 1860ರ ಜನವರಿಯಲ್ಲಿ ಮತ್ತೆ 20. ಮಾರ್ಚ್ ಕೊನೆಗೆ ಶಿಕ್ಷೆಯಾಯಿತು. ಕರುಳಿನಲ್ಲಿ 19 ಹುಳುಗಳಿದ್ದವು, ಕೆಲವು ಒಂದೂವರೆ ಮೀಟರ್ ಉದ್ದ. ವಾದ ಗೆದ್ದಿತು.

ಚರಿತ್ರೆಯ ಪುಸ್ತಕಗಳಲ್ಲಿ ಇವರಿಬ್ಬರೂ 'ಕೈದಿ' ಅಷ್ಟೇ. ನನ್ನನ್ನು ಕಾಡುವುದು ಆ ಸೂಪಿನ ಬಟ್ಟಲು. ಹೇಳಿ ಕೇಳಿ ಕೊಡುವುದಾಗಿದ್ದರೆ ಶ್ಯಾವಿಗೆಯ ಮರೆ ಏಕೆ ಬೇಕಿತ್ತು? ಹೇಗೂ ಸಾಯುವವನಲ್ಲವೇ ಎಂಬ ತರ್ಕ ಅಂದೂ ಎಲ್ಲರಿಗೂ ಹಿಡಿಸಲಿಲ್ಲ, ಆಕ್ಷೇಪಗಳು ಬಂದವು. ಬೇರೆ ದಾರಿ ಇರಲಿಲ್ಲವೇ? ಇತ್ತು. 1930ರ ದಶಕದಲ್ಲಿ ಯೋಶಿನೋ ಎಂಬ ಜಪಾನೀ ಸಂಶೋಧಕ ತೈವಾನ್‌ನಲ್ಲಿ ಗುಳ್ಳೆಗಳನ್ನು ತಾನೇ ನುಂಗಿ, ತನ್ನೊಳಗೆ ಹುಳು ಬೆಳೆಯುವುದನ್ನು ಬಹುಕಾಲ ದಾಖಲಿಸಿದ. ಪ್ರಶ್ನೆ ಅದೇ ಜಾತಿಯದು. ಬಟ್ಟಲನ್ನು ಎತ್ತಿಕೊಂಡ ಕೈ ಮಾತ್ರ ಬೇರೆ.

ಚಿತ್ರದಲ್ಲಿ ನಾವು ಹೆಚ್ಚಾಗಿ ಮರೆಯುವ ಇನ್ನೊಂದು ಬಾಣವಿದೆ. ಹುಳುವಿರುವವನ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ಅವನ್ನು ಹಂದಿ ತಿಂದರೆ ಹಂದಿಯಲ್ಲಿ ಗುಳ್ಳೆ. ತೊಳೆಯದ ಕೈ, ಸೊಪ್ಪು, ಕೊಳಕು ನೀರಿನ ಮೂಲಕ ಮನುಷ್ಯನೇ ನುಂಗಿದರೆ ಮನುಷ್ಯನಲ್ಲೇ ಗುಳ್ಳೆ: ಸ್ನಾಯುವಿನಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ. ಇದನ್ನು ಮನಗಾಣಿಸಿದ್ದರಲ್ಲಿ ನಮ್ಮ ದೇಶದ ಪಾತ್ರ ದೊಡ್ಡದು. ಭಾರತದಲ್ಲಿ ದುಡಿದು ಊರಿಗೆ ಮರಳಿದ ಬ್ರಿಟಿಷ್ ಸೈನಿಕರಿಗೆ ವರ್ಷಗಳ ನಂತರ ಮೂರ್ಛೆ ಬರತೊಡಗಿದಾಗ, ಅದಕ್ಕೆ ಈ ಗುಳ್ಳೆಗಳೇ ಕಾರಣವೆಂದು ಸೇನಾ ವೈದ್ಯ ಮ್ಯಾಕ್‌ಆರ್ಥರ್ 1930ರ ದಶಕದಲ್ಲಿ ತೋರಿಸಿದರು. ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ ಅಂಥ 450 ರೋಗಿಗಳ ವಿವರಗಳನ್ನು 1961ರಲ್ಲಿ ಪ್ರಕಟಿಸಿದರು. ಸೈನಿಕರ ನಂತರ ಸ್ಥಳೀಯರ ಕಡೆ ಗಮನ ಹರಿಯಲು ಇನ್ನೂ ಕಾಲ ಹಿಡಿಯಿತು. ಮೂರ್ಛೆಯಿಂದ ಬಂದವರ ಸ್ಕ್ಯಾನಿನಲ್ಲಿ ಕಾಣುತ್ತಿದ್ದ ಒಂಟಿ ಚುಕ್ಕೆಯನ್ನು ಕ್ಷಯದ ಗಂಟೆಂದು ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುತ್ತಿದ್ದ ಕಾಲವೊಂದಿತ್ತು. ವೆಲ್ಲೂರಿನ ಚಾಂಡಿ, ರಾಜಶೇಖರ್ ಮತ್ತು ಸಂಗಡಿಗರು 1980ರ ದಶಕದ ಕೊನೆಯ ಹೊತ್ತಿಗೆ ಅಂಥ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಬಹುಪಾಲು ಲಾಡಿಹುಳುವಿನ ಗುಳ್ಳೆಗಳೇ ಎಂದು ತೋರಿಸಿದರು.

ರೋಗ ಹರಡಿರುವ ಪ್ರದೇಶಗಳಲ್ಲಿ ಮೂರ್ಛೆಯ ಪ್ರಕರಣಗಳ ಸುಮಾರು ಶೇಕಡಾ 30ಕ್ಕೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ನಮ್ಮಲ್ಲಿ ಮೂರ್ಛೆ ಬಂದರೆ ಕೈಗೆ ಕಬ್ಬಿಣ ಕೊಡುವವರು, ಮದುವೆಯ ಮಾತು ಮುರಿದೀತೆಂದು ಬಚ್ಚಿಡುವವರು ಇನ್ನೂ ಇದ್ದಾರೆ. "ನಾವು ಮಾಂಸ ಮುಟ್ಟುವವರಲ್ಲ, ನಮಗೆ ಹೇಗೆ ಬಂತು?" ಎಂಬ ಪ್ರಶ್ನೆಯೂ ಇದೆ. ಉತ್ತರ ಊಟದ ತಟ್ಟೆಗಿಂತ ಹೆಚ್ಚಾಗಿ ಶೌಚಾಲಯದಲ್ಲಿದೆ, ನೆರೆಯವರು ಕೈ ತೊಳೆದರೋ ಇಲ್ಲವೋ ಎಂಬುದರಲ್ಲಿದೆ. ಈ ರೋಗದ ಮಟ್ಟಿಗೆ ಒಬ್ಬರ ಮಡಿ ಇನ್ನೊಬ್ಬರ ಬಡತನದಿಂದ ದೂರ ನಿಲ್ಲಲಾರದು.

ಅನ್ಯಾಯದಿಂದ ದೊರೆತ ತಿಳಿವಳಿಕೆಯನ್ನು ಬಳಸಬಹುದೇ ಎಂದು ಗೆಳೆಯರೊಬ್ಬರು ಕೇಳಿದರು. ಬಳಸುತ್ತಲೇ ಇದ್ದೇವೆ, ಮಾಂಸವನ್ನು ಚೆನ್ನಾಗಿ ಬೇಯಿಸಿ ಎನ್ನುವ ಪ್ರತಿ ಬುದ್ಧಿಮಾತಿನ ಹಿಂದೆ ಆ ಇಬ್ಬರು ಕೈದಿಗಳ ಕರುಳಿದೆ. ಅವರನ್ನು ಲೆಕ್ಕದಿಂದ ಬಿಟ್ಟು ಈ ಪಾಠ ಹೇಳಬಾರದು ಎಂಬುದಷ್ಟೇ ನನ್ನ ಉತ್ತರ.