ಮೋಟಾರ್‌ಸೈಕಲ್ ಮುಂಚಕ್ರ ಮತ್ತು ಫೋರ್ಕ್ ಬದಲಾವಣೆ

ಮೋಟಾರ್‌ಸೈಕಲ್ ಮುಂಚಕ್ರ ಮತ್ತು ಫೋರ್ಕ್ ಬದಲಾವಣೆ ಎಂದರೆ ತಯಾರಕರು ಅಳವಡಿಸಿದ ಮುಂದಿನ ಚಕ್ರವನ್ನೂ ಅದನ್ನು ಹಿಡಿದಿಡುವ ಫೋರ್ಕನ್ನೂ ತೆಗೆದು, ಬೇರೆ ಅಳತೆಯ ಅಥವಾ ಬೇರೆ ಮಾದರಿಯ ವಾಹನದ ಭಾಗಗಳನ್ನು ಜೋಡಿಸುವುದು. ವಾಹನದ ನೋಟವನ್ನು ಬದಲಿಸಲು, ಡಿಸ್ಕ್ ಬ್ರೇಕ್ ಪಡೆಯಲು ಅಥವಾ ಕಚ್ಚಾ ರಸ್ತೆಗೆ ಹೊಂದಿಸಲು ಇದನ್ನು ಮಾಡಲಾಗುತ್ತದೆ. ಈ ಬದಲಾವಣೆಯು ವಾಹನದ ತಿರುಗುವಿಕೆ, ಬ್ರೇಕ್ ಮತ್ತು ವೇಗಮಾಪಕಗಳ ಮೇಲೆ ನೇರ ಪರಿಣಾಮ ಬೀರುತ್ತದೆ. ಭಾರತದಲ್ಲಿ ಇದಕ್ಕೆ ಕಾನೂನಿನ ಮಿತಿಯೂ ಇದೆ.

ಹಿನ್ನೆಲೆ
ಇಂದು ಬಳಕೆಯಲ್ಲಿರುವ ಬಹುತೇಕ ಮೋಟಾರ್‌ಸೈಕಲ್‌ಗಳಲ್ಲಿ ಟೆಲಿಸ್ಕೋಪಿಕ್ ಫೋರ್ಕ್ ಇರುತ್ತದೆ. ಒಂದರೊಳಗೊಂದು ಜಾರುವ ಎರಡು ಜೊತೆ ಕೊಳವೆಗಳು, ಅವುಗಳೊಳಗಿನ ಸ್ಪ್ರಿಂಗ್ ಮತ್ತು ಎಣ್ಣೆ ಇದರ ಮುಖ್ಯ ಅಂಗಗಳು. ಎಣ್ಣೆಯ ತಡೆಯಿಂದ ಕುಲುಕಾಟವನ್ನು ತಗ್ಗಿಸುವ ಇಂಥ ಫೋರ್ಕನ್ನು ಬಿ.ಎಂ.ಡಬ್ಲ್ಯು. ಸಂಸ್ಥೆಯು 1935ರಲ್ಲಿ ಆರ್12 ಮಾದರಿಯಲ್ಲಿ ಬಳಕೆಗೆ ತಂದಿತು. ಕರ್ನಾಟಕದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ವಾಹನಗಳನ್ನು ತಯಾರಿಸಿತು. ಡ್ರಮ್ ಬ್ರೇಕ್‌ಗಾಗಿ ರೂಪಿಸಿದ ಇಂಥ ಹಳೆಯ ವಾಹನಗಳ ಫೋರ್ಕಿನಲ್ಲಿ ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಕೂರಿಸುವ ಸ್ಥಳವಿರುವುದಿಲ್ಲ. ಆದ್ದರಿಂದ ಡಿಸ್ಕ್ ಬಯಸುವವರು ಚಕ್ರದ ಜೊತೆಗೆ ಫೋರ್ಕನ್ನೂ ಬದಲಿಸಬೇಕಾಗುತ್ತದೆ.

ಜ್ಯಾಮಿತಿಯ ಮೇಲಿನ ಪರಿಣಾಮ
ಹ್ಯಾಂಡಲ್ ತಿರುಗುವ ಅಕ್ಷವು ಲಂಬರೇಖೆಯಿಂದ ಹಿಂದಕ್ಕೆ ವಾಲಿರುವ ಕೋನಕ್ಕೆ ರೇಕ್ ಎನ್ನುತ್ತಾರೆ. ಆ ಅಕ್ಷವನ್ನು ಕೆಳಕ್ಕೆ ಎಳೆದರೆ ನೆಲ ಮುಟ್ಟುವ ಬಿಂದುವಿಗೂ ಅದರ ಹಿಂದೆ ಟೈರ್ ನೆಲ ಮುಟ್ಟುವ ಬಿಂದುವಿಗೂ ಇರುವ ದೂರವೇ ಟ್ರೇಲ್. ಟ್ರೇಲ್ ಕಡಿಮೆಯಾದರೆ ಹ್ಯಾಂಡಲ್ ಹಗುರವಾಗಿ ವೇಗದಲ್ಲಿ ಅಸ್ಥಿರವಾಗಬಹುದು. ಹೆಚ್ಚಾದರೆ ನೇರ ಓಟ ಸ್ಥಿರವಾಗುತ್ತದೆ, ಆದರೆ ನಿಧಾನಗತಿಯಲ್ಲಿ ತಿರುಗಿಸುವುದು ಭಾರವೆನಿಸುತ್ತದೆ.

ಉದಾಹರಣೆಗೆ, 26 ಡಿಗ್ರಿ ರೇಕ್, ಹ್ಯಾಂಡಲ್ ಅಕ್ಷದಿಂದ ಆಕ್ಸಲ್ 50 ಮಿ.ಮೀ. ಮುಂದಿರುವ ಫೋರ್ಕ್ ಮತ್ತು 300 ಮಿ.ಮೀ. ತ್ರಿಜ್ಯದ ಚಕ್ರವಿದ್ದರೆ ಟ್ರೇಲ್ ಸುಮಾರು 91 ಮಿ.ಮೀ. ಆಗುತ್ತದೆ. ಅದೇ ಫೋರ್ಕಿಗೆ 350 ಮಿ.ಮೀ. ತ್ರಿಜ್ಯದ ಚಕ್ರ ಹಾಕಿದರೆ ವಾಹನದ ಮುಂಭಾಗ 50 ಮಿ.ಮೀ. ಏರುತ್ತದೆ. ಎರಡು ಚಕ್ರಗಳ ನಡುವಿನ ಅಂತರ 1300 ಮಿ.ಮೀ. ಇದ್ದಲ್ಲಿ ರೇಕ್ ಸುಮಾರು 28 ಡಿಗ್ರಿಗೂ ಟ್ರೇಲ್ ಸುಮಾರು 131 ಮಿ.ಮೀ.ಗೂ ಹೆಚ್ಚುತ್ತದೆ. ಫೋರ್ಕಿನ ಉದ್ದವನ್ನಷ್ಟೇ ಹೆಚ್ಚಿಸಿದರೂ ಇದೇ ದಿಕ್ಕಿನ ಬದಲಾವಣೆ ಕಾಣುತ್ತದೆ.

ಜೋಡಣೆ
ಹೊಸ ಫೋರ್ಕಿನ ನಡುಗಂಬವು ಚೌಕಟ್ಟಿನ ತಲೆಕೊಳವೆಯ ಉದ್ದಕ್ಕೂ ಕೋನ್‌ಸೆಟ್‌ನ ಅಳತೆಗೂ ಹೊಂದಬೇಕು. ಆಕ್ಸಲ್‌ನ ದಪ್ಪ, ಚಕ್ರದ ಬೇರಿಂಗ್, ಡಿಸ್ಕ್ ಮತ್ತು ಕ್ಯಾಲಿಪರ್ ಒಂದೇ ರೇಖೆಯಲ್ಲಿ ಕೂರಬೇಕು. ಚಕ್ರವು ಎರಡು ಕಾಲುಗಳ ಸರಿಯಾದ ಮಧ್ಯದಲ್ಲಿರಬೇಕು. ನಡುಗಂಬವನ್ನು ಕತ್ತರಿಸಿ ಬೆಸುಗೆ ಹಾಕುವುದು ಅಪಾಯಕರ. ಬೆಸುಗೆ ಬಿರುಕುಬಿಟ್ಟರೆ ಮುಂದಿನ ಚಕ್ರವು ವಾಹನದಿಂದ ಬೇರ್ಪಡಬಹುದು. ಫೋರ್ಕ್ ಪೂರ್ಣ ಕುಗ್ಗಿದಾಗ ಟೈರ್ ಮಡ್‌ಗಾರ್ಡಿಗಾಗಲಿ ಎಂಜಿನ್ನಿಗಾಗಲಿ ತಾಗುವುದೇ ಎಂಬುದನ್ನೂ ಪರೀಕ್ಷಿಸಬೇಕು.

ವೇಗಮಾಪಕವು ಮುಂಚಕ್ರದಿಂದ ಚಲಿಸುವ ವಾಹನಗಳಲ್ಲಿ ದೊಡ್ಡ ಚಕ್ರ ಹಾಕಿದರೆ ಮುಳ್ಳು ನಿಜವಾದುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಮಾಪಕ 60 ಕಿ.ಮೀ. ತೋರಿದಾಗ ನಿಜವಾದ ವೇಗ ಗಂಟೆಗೆ 70 ಕಿ.ಮೀ. ಆಗಿರುತ್ತದೆ. ಎ.ಬಿ.ಎಸ್. ಇರುವ ವಾಹನದಲ್ಲಿ ಹಲ್ಲುಚಕ್ರ ಅಥವಾ ಚಕ್ರದ ಅಳತೆ ಬದಲಾದರೆ ಬ್ರೇಕಿನ ನಿಯಂತ್ರಣ ಘಟಕಕ್ಕೆ ತಪ್ಪು ಮಾಹಿತಿ ಹೋಗುತ್ತದೆ.

ರಾಯಚೂರು ಪ್ರದೇಶದ ಪರಿಸ್ಥಿತಿ
ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಯಲ್ಲಿ ಎರೆಭೂಮಿ ವ್ಯಾಪಕವಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಪಡೆಯುವ ಮಾನ್ವಿ ಮತ್ತು ನಾರಾಯಣಪುರ ಬಲದಂಡೆ ಕಾಲುವೆಯ ನೀರು ಪಡೆಯುವ ದೇವದುರ್ಗ ಭಾಗಗಳ ಹೊಲದ ದಾರಿಗಳಲ್ಲಿ ಒದ್ದೆಯಾದ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಂಟಿ ಗಟ್ಟಿಯಾಗುತ್ತದೆ. ಅಗಲವಾದ ಟೈರ್ ಹಾಕಿ ಈ ಅಂತರವನ್ನು ಕಿರಿದಾಗಿಸಿದರೆ ಚಕ್ರ ಸಿಕ್ಕಿಕೊಂಡು ಸವಾರ ಬೀಳುವ ಸಂಭವವಿದೆ. ಹಿಂಬದಿಯಲ್ಲಿ ಗೊಬ್ಬರ ಅಥವಾ ಧಾನ್ಯದ ಚೀಲ ಹೇರಿದಾಗ ಮುಂಚಕ್ರದ ಮೇಲಿನ ಭಾರ ತಗ್ಗುತ್ತದೆ. ಮುಂಭಾಗ ಮೊದಲೇ ಎತ್ತರಗೊಂಡಿದ್ದರೆ ಹಿಡಿತ ಇನ್ನಷ್ಟು ಕುಗ್ಗುತ್ತದೆ.

ಕಾನೂನು
ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಚಕ್ರಗಳ ನಡುವಿನ ಅಂತರ ಮತ್ತು ಖಾಲಿ ವಾಹನದ ತೂಕ ಅಂಥ ವಿವರಗಳಲ್ಲಿ ಸೇರಿವೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. 2019ರಲ್ಲಿ ತಿದ್ದುಪಡಿಯಾದ ಕಲಂ 182ಎ ಅಡಿಯಲ್ಲಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ರಾಯಚೂರಿನ ಪ್ರಾದೇಶಿಕ ಸಾರಿಗೆ ಕಚೇರಿಯ ನೋಂದಣಿ ಸಂಕೇತ ಕೆಎ-36. ಹಾಳಾದ ಫೋರ್ಕ್ ಅಥವಾ ಚಕ್ರದ ಬದಲು ತಯಾರಕರು ಅದೇ ಮಾದರಿಗೆ ನಿಗದಿಪಡಿಸಿದ ಭಾಗವನ್ನು ಹಾಕುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ.