ಮಾಸುವ ಬಣ್ಣ, ಮಾಸದ ಬಣ್ಣ

ಜನವರಿ ಬಂತೆಂದರೆ ಎಡಿನ್‌ಬರೋ ಮತ್ತು ಡಬ್ಲಿನ್‌ನ ರಾಷ್ಟ್ರೀಯ ಗ್ಯಾಲರಿಗಳು ಟರ್ನರ್‌ನ ಜಲವರ್ಣ ಚಿತ್ರಗಳನ್ನು ಗೋಡೆಗೆ ಏರಿಸುತ್ತವೆ. ತಿಂಗಳು ಮುಗಿದೊಡನೆ ಇಳಿಸಿ ಕತ್ತಲಲ್ಲಿಡುತ್ತವೆ. ಅಲ್ಲಿ 38, ಇಲ್ಲಿ 31 ಚಿತ್ರಗಳು. ಇವನ್ನು ಕೊಟ್ಟವನು 1899ರಲ್ಲಿ ತೀರಿಕೊಂಡ ಹೆನ್ರಿ ವಾನ್ ಎಂಬ ಸಂಗ್ರಾಹಕ. ಜನವರಿಯಲ್ಲಿ ಮಾತ್ರ, ಎಲ್ಲರಿಗೂ ಉಚಿತವಾಗಿ ತೋರಿಸಬೇಕು ಎಂಬುದು ಅವನ ಉಯಿಲಿನ ಷರತ್ತು. ಆ ಸೀಮೆಯಲ್ಲಿ ಬೆಳಕು ತೀರಾ ಮಂದವಾಗಿರುವ ಕಾಲ ಅದು.

ಬಿಸಿಲಿಗೆ ಇಷ್ಟು ಹೆದರುವಂಥದ್ದು ಏನಿತ್ತು? ಉತ್ತರ 1886ರ ಒಂದು ಜಗಳದಲ್ಲಿದೆ. ಇವತ್ತು ನಾವು ಅಂಗಡಿಯಲ್ಲಿ ನಿಂತು ಒಂದು ಟ್ಯೂಬ್ ಬಣ್ಣ ಆರಿಸುವುದಕ್ಕೂ ಆ ಜಗಳಕ್ಕೂ ಸಂಬಂಧವಿದೆ.

ಅದಕ್ಕಿಂತ ನೂರು ವರ್ಷ ಹಿಂದಿನವರೆಗೆ ಎಷ್ಟೋ ಚಿತ್ರಕಾರರು ತಮ್ಮ ಬಣ್ಣವನ್ನು ತಾವೇ ಅರೆದುಕೊಳ್ಳುತ್ತಿದ್ದರು. ಪುಡಿ ಯಾವ ಮಣ್ಣಿನದು, ಯಾವ ಗಿಡದ್ದು ಎಂಬುದು ಅವರಿಗೆ ಗೊತ್ತಿರುತ್ತಿತ್ತು. 1780ರ ಸುಮಾರಿಗೆ ಲಂಡನ್ನಿನ ರೀವ್ಸ್ ಸೋದರರು ಬಣ್ಣವನ್ನು ಗೋಂದಿನಲ್ಲಿ ಕಲಸಿ, ಗಟ್ಟಿ ಬಿಲ್ಲೆಗಳಾಗಿ ಮಾರತೊಡಗಿದರು. 1832ರಲ್ಲಿ ಶುರುವಾದ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ಗ್ಲಿಸರಿನ್ ಸೇರಿಸಿ, ಒದ್ದೆ ಕುಂಚ ತಾಗಿದರೆ ಸಾಕು ಕರಗುವ ಮೆತ್ತನೆಯ ಬಣ್ಣ ತಂದಿತು. ಪೆಟ್ಟಿಗೆ ಹಿಡಿದು ಬಯಲಿಗೆ ಹೋಗಿ ಚಿತ್ರ ಬರೆಯುವುದು ಸುಲಭವಾಯಿತು. ಆದರೆ ಬಣ್ಣದೊಳಗೆ ಏನಿದೆ ಎಂಬ ತಿಳಿವಳಿಕೆ ಚಿತ್ರಕಾರನ ಕೈತಪ್ಪಿ ತಯಾರಕನ ಕೈ ಸೇರಿತು. ಕೊಳ್ಳುವವನಿಗೆ ಉಳಿದದ್ದು ಒಂದು ಚೆಂದದ ಹೆಸರು ಮಾತ್ರ.

1886ರಲ್ಲಿ ಜೆ.ಸಿ. ರಾಬಿನ್ಸನ್ ಎಂಬ ಕಲಾತಜ್ಞ 'ಟೈಮ್ಸ್' ಪತ್ರಿಕೆಗೆ ಬರೆದ: ಸಂಗ್ರಹಾಲಯಗಳ ಗೋಡೆಯ ಮೇಲಿರುವ ಜಲವರ್ಣ ಚಿತ್ರಗಳು ಬೆಳಕಿಗೆ ಮಾಸಿಹೋಗುತ್ತಿವೆ. ಜಲವರ್ಣ ಚಿತ್ರಕಾರರು ಕೆರಳಿದರು. ಮಾಸುವ ಚಿತ್ರಕ್ಕೆ ಯಾರು ದುಡ್ಡು ಕೊಟ್ಟಾರು? ಅದು ಅವರ ಅನ್ನದ ಪ್ರಶ್ನೆ. ಕೊನೆಗೆ ಸರ್ಕಾರ ವಾಲ್ಟರ್ ರಸೆಲ್ ಮತ್ತು ಕ್ಯಾಪ್ಟನ್ ವಿಲಿಯಂ ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳಿಗೆ ಪರೀಕ್ಷೆಯ ಹೊಣೆ ಒಪ್ಪಿಸಿತು.

ಅವರ ವಿಧಾನ ಸರಳ. ಕಾಗದದ ಪಟ್ಟಿಗಳಿಗೆ ಒಂದೊಂದೇ ಬಣ್ಣ ಹಚ್ಚಿ, ಗಾಜಿನ ಕೊಳವೆಗಳಲ್ಲಿಟ್ಟು, ಅರ್ಧ ಭಾಗ ಮುಚ್ಚಿ, ಅರ್ಧ ಭಾಗವನ್ನು ಬೆಳಕಿಗೆ ಬಿಟ್ಟರು. ಸುಮಾರು ಎರಡು ವರ್ಷ ಕಾದರು. ವರದಿ 1888ರಲ್ಲಿ ಬಂತು. ಎಲ್ಲಕ್ಕಿಂತ ಬೇಗ ಮಾಸಿದ್ದು ಕಾರ್ಮೈನ್, ಅಂದರೆ ಕೀಟಗಳಿಂದ ತೆಗೆದ ಕೆಂಪು. ಟರ್ನರ್ ಬಳಸಿದ ಬಣ್ಣಗಳಲ್ಲಿ ಅದೂ ಒಂದು. ನಮ್ಮ ನೀಲಿಗಿಡದ ಇಂಡಿಗೋ ಕೂಡ ಸೋತಿತು. ಯೆಲ್ಲೋ ಓಕರ್, ಸಿಯೆನ್ನಾದಂಥ ಮಣ್ಣಿನ ಬಣ್ಣಗಳು, ಕೋಬಾಲ್ಟ್ ನೀಲಿ ಇವು ಅಲುಗಾಡಲಿಲ್ಲ.

ಇನ್ನೊಂದು ಸಂಗತಿಯನ್ನೂ ಅವರು ಕಂಡರು. ತೇವ ಮತ್ತು ಆಮ್ಲಜನಕ ಎರಡನ್ನೂ ತೆಗೆದ ಕೊಳವೆಗಳಲ್ಲಿ, ಬೆಳಕು ಬಿದ್ದರೂ, ಹೆಚ್ಚಿನ ಬಣ್ಣಗಳು ಮಾಸಲಿಲ್ಲ. ಬೆಳಕಿನ ಜೊತೆ ತೇವವೂ ಸೇರಿದಾಗ ಕೇಡು ಹೆಚ್ಚು. ಮುಂಬೈ, ಚೆನ್ನೈಗಳ ಕಡಲ ಗಾಳಿಯಲ್ಲಿ ಚಿತ್ರ ತೂಗುಹಾಕುವವರು ನೆನಪಿಡಬೇಕಾದ ಮಾತು ಇದು.

ಹೆಸರು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ 'ಇಂಡಿಯನ್ ಯೆಲ್ಲೋ' ಸಾಕು. ಬಿಹಾರದ ಮುಂಗೇರ್ ಬಳಿ ಗೋವಳರು ಹಸುಗಳಿಗೆ ಮಾವಿನೆಲೆ ತಿನ್ನಿಸಿ, ಅವುಗಳ ಗಂಜಲ ಕಾಯಿಸಿ, ಆ ಹಳದಿಯ ಉಂಡೆ ಕಟ್ಟುತ್ತಾರೆಂದು ತ್ರೈಲೋಕ್ಯನಾಥ ಮುಖರ್ಜಿ 1883ರಲ್ಲಿ ವರದಿ ಮಾಡಿದರು. 20ನೇ ಶತಮಾನದ ಆರಂಭದ ಹೊತ್ತಿಗೆ ಆ ಉಂಡೆಗಳು ಮಾರುಕಟ್ಟೆಯಿಂದ ಮರೆಯಾದವು. ಹೆಸರು ಮಾತ್ರ ಇಂದಿಗೂ ಟ್ಯೂಬಿನ ಮೇಲಿದೆ. ಒಳಗಿರುವುದು ಕಾರ್ಖಾನೆಯ ವರ್ಣದ್ರವ್ಯ, ಅದೂ ಕಂಪನಿಗೊಂದು ಬಗೆ.

1888ರ ವರದಿಯ ಬಳಿಕ ಬಣ್ಣದ ಗುಟ್ಟು ಮುಚ್ಚಿಡುವುದು ಕಷ್ಟವಾಯಿತು. 1892ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ತನ್ನ ಬಣ್ಣಗಳಲ್ಲಿ ಏನೇನಿದೆ ಎಂಬುದನ್ನು ಪ್ರಕಟಿಸಿತು. ಮುಂದೆ 1920ರ ದಶಕದಲ್ಲಿ 'ಕಲರ್ ಇಂಡೆಕ್ಸ್' ಎಂಬ ಸೂಚಿ ಹೊರಬಂತು. ಇಂದು ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಕಾಣುವ ಸಂಕೇತಗಳು ಆ ಸೂಚಿಯವು. ಪಿಬಿ 29 ಎಂದರೆ ಅಲ್ಟ್ರಾಮರೀನ್, ಪಿವೈ 43 ಎಂದರೆ ಯೆಲ್ಲೋ ಓಕರ್. ಕಂಪನಿ ಯಾವುದಾದರೂ ಇವು ಬದಲಾಗುವುದಿಲ್ಲ. ಎರಡೂ ಧೈರ್ಯವಾಗಿ ಕೊಳ್ಳಬಹುದಾದವು. ಪಿಆರ್ 83, ಅಂದರೆ ಹಳೆಯ ಅಲಿಜರಿನ್ ಕ್ರಿಮ್ಸನ್, ಮಾಸುವಂಥದ್ದು, ಇಂದಿಗೂ ಮಾರಾಟದಲ್ಲಿದೆ. ಹೆಸರಿನ ಕೊನೆಯಲ್ಲಿ 'ಹ್ಯೂ' ಎಂದಿದ್ದರೆ ಮೂಲ ವರ್ಣದ್ರವ್ಯದ ಬದಲು ಬೇರೆಯದು ಹಾಕಿದ್ದಾರೆ ಎಂದರ್ಥ. ಅದು ಕೆಟ್ಟದ್ದೇ ಆಗಬೇಕಿಲ್ಲ, ಕೆಲವೊಮ್ಮೆ ಮೂಲಕ್ಕಿಂತ ಗಟ್ಟಿ. ಸಂಕೇತ ಓದಿದರೆ ತಿಳಿಯುತ್ತದೆ.

ಮಕ್ಕಳ ಅಗ್ಗದ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಸಂಕೇತ ಇರುವುದಿಲ್ಲ. ಕಲಿಕೆಗೆ ಅವು ಸಾಕು. ಆದರೆ ಯಾರಿಗಾದರೂ ಚಿತ್ರ ಮಾರುವ, ಉಡುಗೊರೆ ಕೊಡುವ ಯೋಚನೆಯಿದ್ದರೆ ರಸೆಲ್ ಮತ್ತು ಆಬ್ನಿಯ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಒಳ್ಳೆಯ ಹತ್ತಿ ಕಾಗದದ ಪಟ್ಟಿಗೆ ನಿಮ್ಮ ಪೆಟ್ಟಿಗೆಯ ಬಣ್ಣಗಳನ್ನು ಸಾಲಾಗಿ ಹಚ್ಚಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ತಾರೀಖು ಬರೆದಿಡಿ. ಆರು ತಿಂಗಳ ನಂತರ ರಟ್ಟು ತೆಗೆದಾಗ ಎರಡೂ ಭಾಗ ಒಂದೇ ತೆರನಾಗಿ ಕಂಡ ಬಣ್ಣಗಳನ್ನು ಮತ್ತೆ ಕೊಳ್ಳಿ.